ವಿಹಾರ ವಾಹನಗಳಲ್ಲಿ ವಿದ್ಯುತ್ ತಾಪನ

ಮೋಟಾರ್‌ಹೋಮ್, ಕಾರಿನ ಹಿಂದೆ ಎಳೆದೊಯ್ಯುವ ಟ್ರೇಲರ್, ಪಿಕಪ್ ಟ್ರಕ್ಕಿನ ಮೇಲೆ ಕೊಂಡಿ ಕೂರಿಸುವ ಫಿಫ್ತ್ ವೀಲ್ ಮುಂತಾಗಿ ಒಳಗೇ ಮಲಗುವ, ಅಡುಗೆಯ, ಸ್ನಾನದ ಅನುಕೂಲವಿರುವ ವಾಹನಗಳನ್ನು ಉತ್ತರ ಅಮೆರಿಕದಲ್ಲಿ ಒಟ್ಟಾಗಿ ಆರ್‌ವಿ ಎನ್ನುತ್ತಾರೆ. ಯುರೋಪಿನಲ್ಲಿ ಕ್ಯಾರವಾನ್ ಎಂಬ ಮಾತು ಹೆಚ್ಚು ಬಳಕೆಯಲ್ಲಿದೆ. ಚಳಿಗಾಲದಲ್ಲಿ ಇವುಗಳ ಒಳಗನ್ನು ಬೆಚ್ಚಗಿಡುವ ಕೆಲಸವನ್ನು ದಶಕಗಳಿಂದ ಪ್ರೊಪೇನ್ ಅನಿಲದ ಫರ್ನೇಸ್ ಮಾಡುತ್ತ ಬಂದಿದೆ. ಅದರ ಬದಲಿಗೆ ಅಥವಾ ಅದರ ಜೊತೆಗೆ ವಿದ್ಯುತ್ತಿನಿಂದ ಶಾಖ ಪಡೆಯುವ ವಿಧಾನಗಳು ಈಗ ಸಾಕಷ್ಟಿವೆ. ನೂರು ಡಾಲರಿಗಿಂತ ಕಡಿಮೆ ಬೆಲೆಯ ಹೀಟರಿನಿಂದ ಹಿಡಿದು ಬಿಸಿನೀರಿನ ಕೊಳವೆಗಳ ದುಬಾರಿ ವ್ಯವಸ್ಥೆಯವರೆಗೆ ಅವುಗಳ ಹರವು ದೊಡ್ಡದು. ಆದರೆ ಯಾವುದು ಎಷ್ಟು ಉಪಯೋಗಕ್ಕೆ ಬಂದೀತು ಎಂಬುದನ್ನು ತೀರ್ಮಾನಿಸುವವು ಎರಡೇ ಸಂಗತಿಗಳು: ವಾಹನ ನಿಂತ ಜಾಗದಲ್ಲಿ ಎಷ್ಟು ಕರೆಂಟು ಸಿಗುತ್ತದೆ, ಮತ್ತು ನೆಲಹಾಸಿನ ಕೆಳಗಿರುವ ನೀರಿನ ಕೊಳವೆಗಳಿಗೆ ಆ ಶಾಖ ತಲುಪುತ್ತದೆಯೇ. ಜಾಹೀರಾತುಗಳು ಎರಡನ್ನೂ ಸಾಮಾನ್ಯವಾಗಿ ಹೇಳುವುದಿಲ್ಲ.

ಪ್ರೊಪೇನ್ ಫರ್ನೇಸ್

ಪರ್ಯಾಯಗಳನ್ನು ತೂಗಿ ನೋಡಲು ಮೂಲವನ್ನು ಅರಿತಿರಬೇಕು. ಒಳಗಿನ ಉಷ್ಣತೆ ಇಳಿದಾಗ ಥರ್ಮೋಸ್ಟಾಟ್ ಮೊದಲು ಫರ್ನೇಸಿನ ಫ್ಯಾನನ್ನು ತಿರುಗಿಸುತ್ತದೆ. ಗಾಳಿಯ ರಭಸಕ್ಕೆ ಒಂದು ಸಣ್ಣ ಲೋಹದ ರೆಕ್ಕೆ ವಾಲಿ ಸ್ವಿಚ್ಚನ್ನು ಒತ್ತಿದರೆ ಮಾತ್ರ ಅನಿಲದ ವಾಲ್ವ್ ತೆರೆದು ಕಿಡಿ ಹೊತ್ತುತ್ತದೆ. ಬ್ಯಾಟರಿ ಸೊರಗಿ ಫ್ಯಾನು ನಿಧಾನವಾದರೆ ರೆಕ್ಕೆ ವಾಲುವುದಿಲ್ಲ, ಬೆಂಕಿಯೂ ಹೊತ್ತುವುದಿಲ್ಲ. ಸಿಲಿಂಡರ್ ತುಂಬಿದ್ದೂ ಚಳಿಯಲ್ಲಿ ನಡುಗಿದವರ ಕಥೆಗಳಲ್ಲಿ ಬಹುಪಾಲಿಗೆ ಕಾರಣ ಇದೇ. ದಹನ ನಡೆಯುವುದು ಮುಚ್ಚಿದ ಉಕ್ಕಿನ ಕೋಣೆಯೊಳಗೆ. ಅದಕ್ಕೆ ಗಾಳಿ ಹೊರಗಿನಿಂದ ಬರುತ್ತದೆ, ಹೊಗೆ ಹೊರಗೇ ಹೋಗುತ್ತದೆ. ವಾಸದ ಜಾಗದ ಗಾಳಿ ಆ ಕೋಣೆಯ ಹೊರಮೈಯನ್ನು ಸವರಿ ಬಿಸಿಯಾಗಿ, ನಾಳಗಳ ಮೂಲಕ ವಾಹನದ ಉದ್ದಕ್ಕೂ ಹರಡುತ್ತದೆ.

ಇವುಗಳ ಸಾಮರ್ಥ್ಯವನ್ನು ಅಮೆರಿಕದಲ್ಲಿ ಗಂಟೆಗೆ ಇಷ್ಟು ಬಿಟಿಯು ಎಂದು ಅಳೆಯುತ್ತಾರೆ. ನಮ್ಮ ವಿದ್ಯುತ್ ಬಿಲ್ಲಿನ ಒಂದು ಯೂನಿಟ್, ಅಂದರೆ ಒಂದು ಕಿಲೋವ್ಯಾಟ್-ಗಂಟೆ, 3,412 ಬಿಟಿಯುಗೆ ಸಮ. ಸಾಮಾನ್ಯ ಫರ್ನೇಸುಗಳು 16,000ದಿಂದ 40,000 ಬಿಟಿಯುವರೆಗೆ ಅನಿಲ ಉರಿಸುತ್ತವೆ. ಅದರಲ್ಲಿ ಮುಕ್ಕಾಲು ಪಾಲು, ಹೆಚ್ಚೆಂದರೆ ಐದರಲ್ಲಿ ನಾಲ್ಕು ಪಾಲು, ಒಳಗೆ ಉಳಿಯುತ್ತದೆ. 30,000 ಬಿಟಿಯು ಫರ್ನೇಸ್ ಹೊತ್ತಿದಾಗ ಒಳಗೆ ಬೀಳುವ ಶಾಖ ಏಳು ಕಿಲೋವ್ಯಾಟಿಗೆ ಹತ್ತಿರ. ಬಚ್ಚಲಿನ ಗೀಸರುಗಳು ಮೂರು ಒಟ್ಟಿಗೆ ಉರಿದಂತೆ ಎಂದುಕೊಂಡರೆ ಅದರ ಬಲ ಅಂದಾಜಾಗುತ್ತದೆ.

ಇಂಧನವಾಗಿ ಪ್ರೊಪೇನನ್ನೇ ಆರಿಸಲು ಕಾರಣವಿದೆ. ಅದು ಕುದಿಯುವುದು ಸೊನ್ನೆಗಿಂತ 42 ಡಿಗ್ರಿ ಸೆಲ್ಸಿಯಸ್ ಕೆಳಗೆ. ಆದ್ದರಿಂದ ಕಡುಚಳಿಯಲ್ಲೂ ಸಿಲಿಂಡರಿನೊಳಗಿನ ದ್ರವ ಅನಿಲವಾಗಿ ಹೊರಬರುತ್ತದೆ. ಭಾರತದ ಅಡುಗೆಮನೆಯ ಸಿಲಿಂಡರಿನಲ್ಲಿ ಪ್ರೊಪೇನಿನ ಜೊತೆ ಬ್ಯುಟೇನ್ ಬೆರೆತಿರುತ್ತದೆ. ಬ್ಯುಟೇನ್ ಸೊನ್ನೆಯ ಆಸುಪಾಸಿನಲ್ಲೇ ದ್ರವವಾಗಿ ಕುಳಿತುಬಿಡುವುದರಿಂದ ಅದನ್ನು ನೆಚ್ಚಿ ಹಿಮದಲ್ಲಿ ಬಿಡಾರ ಹೂಡಲಾಗದು. ಅಮೆರಿಕದ ಟ್ರೇಲರುಗಳ ಮೂತಿಯ ಮೇಲೆ ಕಾಣುವ 20 ಪೌಂಡ್ ಸಿಲಿಂಡರಿನಲ್ಲಿ ಸುಮಾರು 9 ಕಿಲೋ ಅನಿಲ ಹಿಡಿಸುತ್ತದೆ. ಒಂದು ಕಿಲೋ ಪ್ರೊಪೇನಿನಿಂದ ಫರ್ನೇಸಿನ ಮೂಲಕ ಒಳಗೆ ಸೇರುವುದು ಸುಮಾರು 10 ಯೂನಿಟ್ ಶಾಖ. ಹಾಗಾಗಿ ಒಂದು ಸಿಲಿಂಡರ್ ಎಂದರೆ 90 ಯೂನಿಟ್‌ಗೂ ತುಸು ಹೆಚ್ಚು. ಹೆಪ್ಪುಗಟ್ಟುವ ಚಳಿಯಲ್ಲಿ ಅದು ಎರಡು ದಿನಕ್ಕೆ ಖಾಲಿಯಾಗುತ್ತದೆ.

ಫರ್ನೇಸಿನ ಮೇಲಿನ ದೂರುಗಳು ಹೊಸವಲ್ಲ. ಫ್ಯಾನಿನ ಗದ್ದಲ ನಡುರಾತ್ರಿ ಎಬ್ಬಿಸುತ್ತದೆ. ದೊಡ್ಡ ಮಾದರಿಗಳು 12 ವೋಲ್ಟ್ ಬ್ಯಾಟರಿಯಿಂದ ಏಳೆಂಟು ಆಂಪಿಯರ್ ಎಳೆಯುತ್ತವೆ. ಮಂಜಿನಲ್ಲಿ ಸಿಲಿಂಡರ್ ಹೊತ್ತು ತುಂಬಿಸಿಕೊಂಡು ಬರಬೇಕು. ಬೇಸಿಗೆಯಲ್ಲಿ ನಿಲ್ಲಿಸಿಟ್ಟ ವಾಹನದ ಹೊಗೆಗಂಡಿಯೊಳಗೆ ಕಡಜಗಳು ಮಣ್ಣಿನ ಗೂಡು ಕಟ್ಟುತ್ತವೆ. ಅದಕ್ಕೆಂದೇ ಅಂಗಡಿಗಳಲ್ಲಿ ಉಕ್ಕಿನ ಜಾಲರಿಗಳು ಮಾರಾಟಕ್ಕಿವೆ.

ಕರೆಂಟಿನ ಮಿತಿ

ಆರ್‌ವಿ ಉದ್ಯಾನಗಳಲ್ಲಿ ಪ್ರತಿ ನಿಲುಗಡೆ ಜಾಗಕ್ಕೂ ಸೊಂಟದೆತ್ತರದ ಒಂದು ವಿದ್ಯುತ್ ಕಂಬ ಇರುತ್ತದೆ. ಅದರಲ್ಲಿ 30 ಆಂಪಿಯರಿನ ಸಾಕೆಟ್ಟು, ಕೆಲವು ಕಡೆ 50 ಆಂಪಿಯರಿನದು, ಜೊತೆಗೆ ಮಾಮೂಲಿ 20 ಆಂಪಿಯರಿನದೊಂದು ಇರುತ್ತವೆ. ಹೆಸರು ಕೇಳಿ 30ಕ್ಕೂ 50ಕ್ಕೂ ದುಪ್ಪಟ್ಟೂ ಅಂತರವಿಲ್ಲ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. 30 ಆಂಪಿಯರಿನದು 120 ವೋಲ್ಟಿನ ಒಂದೇ ಎಳೆ, ಒಟ್ಟು 3,600 ವ್ಯಾಟ್. 50 ಆಂಪಿಯರಿನಲ್ಲಿ 120 ವೋಲ್ಟಿನ ಎರಡು ಎಳೆಗಳು ಬರುತ್ತವೆ, ಪ್ರತಿಯೊಂದರಲ್ಲೂ 50 ಆಂಪಿಯರ್. ಒಟ್ಟು 12,000 ವ್ಯಾಟ್, ಅಂದರೆ ಮೂರು ಪಟ್ಟಿಗೂ ಮಿಕ್ಕಿ. ಗಂಟೆಗಟ್ಟಲೆ ಉರಿಯುವ ಸಾಧನಗಳಿಗೆ ಈ ಮಿತಿಯ ಶೇಕಡಾ 80ರಷ್ಟನ್ನು ಮಾತ್ರ ಬಳಸಬೇಕೆಂಬುದು ವಿದ್ಯುತ್ ಕೆಲಸದವರ ನಿಯಮ. ಹೀಗಾಗಿ 30 ಆಂಪಿಯರ್ ಸಾಕೆಟ್ಟಿನಿಂದ ರಾತ್ರಿಯಿಡೀ ನೆಮ್ಮದಿಯಾಗಿ ಎಳೆಯಬಹುದಾದದ್ದು 24 ಆಂಪಿಯರ್.

ಈಗ ಒಂದು ಬೆಳಗಿನ ಲೆಕ್ಕ. 1,500 ವ್ಯಾಟಿನ ಹೀಟರ್ 12.5 ಆಂಪಿಯರ್ ಎಳೆಯುತ್ತಿದೆ. ನೀರು ಕಾಯಿಸುವ ತೊಟ್ಟಿಯ ವಿದ್ಯುತ್ ಕಾಯಿಲ್ ಸುಮಾರು 12 ಆಂಪಿಯರ್. ಬ್ಯಾಟರಿ ಚಾರ್ಜರಿಗೆ ನಾಲ್ಕೈದು. ಅಲ್ಲಿಗೆ 30 ಮುಟ್ಟಿಯಾಯಿತು. ಕಾಫಿಗೆಂದು ಕೆಟಲ್ ಒತ್ತಿದೊಡನೆ ಬ್ರೇಕರ್ ಬೀಳುತ್ತದೆ, ಯಾರಾದರೊಬ್ಬರು ಚಪ್ಪಲಿ ಮೆಟ್ಟಿಕೊಂಡು ಹಿಮದಲ್ಲಿ ಕಂಬದ ಬಳಿ ನಡೆಯಬೇಕಾಗುತ್ತದೆ. ಎರಡನೆಯ ಹೀಟರಿಗಾಗಿ ಕಂಬದ 20 ಆಂಪಿಯರ್ ಸಾಕೆಟ್ಟಿನಿಂದಲೇ ದಪ್ಪನೆಯ ಪ್ರತ್ಯೇಕ ಕೇಬಲ್ ಎಳೆದು, ವಾಹನದ ಗೋಡೆಯಲ್ಲಿ ಬೇರೆಯದೇ ಪ್ಲಗ್ ಕೂರಿಸಿಕೊಳ್ಳುವವರಿದ್ದಾರೆ. ಸರಿಯಾಗಿ ಮಾಡಿದರೆ ಇದು ಒಳ್ಳೆಯ ಉಪಾಯ. ಅಮೆರಿಕದ ರಾಷ್ಟ್ರೀಯ ಎಲೆಕ್ಟ್ರಿಕಲ್ ಕೋಡ್ 551ನೇ ವಿಧಿಯಲ್ಲಿ ಆರ್‌ವಿಗಳ ಮತ್ತು ಆರ್‌ವಿ ಉದ್ಯಾನಗಳ ವೈರಿಂಗನ್ನು ಪ್ರತ್ಯೇಕವಾಗಿ ವಿವರಿಸಿದೆ. ಯುರೋಪಿನ ಕ್ಯಾಂಪುಗಳಲ್ಲಿ ವೋಲ್ಟೇಜ್ 230, ಆದರೆ ಸಿಗುವ ಆಂಪಿಯರ್ 6, 10 ಅಥವಾ 16. ಆರು ಆಂಪಿಯರ್ ಎಂದರೆ 1,380 ವ್ಯಾಟ್. ಅಷ್ಟರಲ್ಲಿ ಹೀಟರ್ ಇಟ್ಟರೆ ಬೇರೇನನ್ನೂ ಇಡುವಂತಿಲ್ಲ.

ಬೇಕಾಗುವ ಶಾಖ ಎಷ್ಟು? ಎಂಟು ಅಡಿ ಅಗಲ, 25 ಅಡಿ ಉದ್ದದ ಟ್ರೇಲರಿನ ಗೋಡೆ, ಸೂರು, ನೆಲ ಸೇರಿ ಸುಮಾರು 80 ಚದರ ಮೀಟರ್ ಹೊರಮೈ ಆಗುತ್ತದೆ. ಗೋಡೆಗಳು ತೆಳು, ಕಿಟಕಿಗಳಿಗೆ ಹೆಚ್ಚಾಗಿ ಒಂದೇ ಪದರದ ಗಾಜು. ಒಳಗೂ ಹೊರಗೂ ಇರುವ ಪ್ರತಿ ಡಿಗ್ರಿ ಅಂತರಕ್ಕೆ 110 ವ್ಯಾಟ್ ಸೋರಿಹೋಗುತ್ತದೆ ಎಂದಿಟ್ಟುಕೊಳ್ಳೋಣ. ಒಳಗೆ 20 ಡಿಗ್ರಿ ಬೇಕಾಗಿ ಹೊರಗೆ 10 ಡಿಗ್ರಿ ಇದ್ದರೆ 1,100 ವ್ಯಾಟ್ ಸಾಕು, ಒಂದು ಹೀಟರ್ ನಿಭಾಯಿಸುತ್ತದೆ. ಹೊರಗೆ ಸೊನ್ನೆಯಾದರೆ 2,200 ವ್ಯಾಟ್. ಸೊನ್ನೆಗಿಂತ 30 ಡಿಗ್ರಿ ಕೆಳಗಾದರೆ 5,500 ವ್ಯಾಟ್ ಬೇಕು, ಅದು 30 ಆಂಪಿಯರ್ ಕಂಬಕ್ಕೆ ಮೀರಿದ ಮಾತು. ಇದು ಬರೀ ಕಾಗದದ ಲೆಕ್ಕವಲ್ಲ. ಕಳೆದ ದಶಕದ ಆರಂಭದಲ್ಲಿ ಉತ್ತರ ಡಕೋಟಾದ ಬಾಕನ್ ತೈಲಕ್ಷೇತ್ರಕ್ಕೆ ಕೆಲಸ ಅರಸಿ ಬಂದವರು ಬಾಡಿಗೆ ಮನೆ ಸಿಗದೆ ವಿಲಿಸ್ಟನ್ ಸುತ್ತಮುತ್ತ ಅಂಥದೇ ಚಳಿಯಲ್ಲಿ ಟ್ರೇಲರುಗಳೊಳಗೆ ಚಳಿಗಾಲ ಕಳೆದರು. ಪ್ಲೈವುಡ್, ಫೋಮ್ ಹಲಗೆ, ಒಣಹುಲ್ಲಿನ ಪೆಂಡಿ, ಸಿಕ್ಕಿದ್ದನ್ನೆಲ್ಲ ತಳದ ಸುತ್ತ ಒಟ್ಟಿ ಗಾಳಿ ತಡೆದರು.

ಸಣ್ಣ ಹೀಟರುಗಳು

ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಹೀಟರ್ ಅತಿ ಅಗ್ಗದ, ಅತಿ ಹೆಚ್ಚು ಬಳಕೆಯ ಪರ್ಯಾಯ. ಸೆರಾಮಿಕ್ ಫ್ಯಾನ್ ಹೀಟರ್, ಎಣ್ಣೆ ತುಂಬಿದ ರೇಡಿಯೇಟರ್, ಇನ್ಫ್ರಾರೆಡ್ ದೀಪ, ಗೋಡೆಗೆ ತಗುಲಿಸುವ ಹಲಗೆ, ದೊಡ್ಡ ಫಿಫ್ತ್ ವೀಲುಗಳಲ್ಲಿ ಟಿವಿಯ ಕೆಳಗೆ ಕೂರಿಸುವ ಸುಳ್ಳು ಜ್ವಾಲೆಯ ಅಗ್ಗಿಷ್ಟಿಕೆ, ಯಾವುದಾದರೂ ಸರಿ, ಅಮೆರಿಕದ ಮಾಮೂಲಿ ಪ್ಲಗ್ಗಿನಲ್ಲಿ ಗರಿಷ್ಠ 1,500 ವ್ಯಾಟ್. ಅದರಿಂದ ಸಿಗುವುದು 5,118 ಬಿಟಿಯು. ನಲವತ್ತು ಡಾಲರಿನದಕ್ಕೂ ನಾನೂರು ಡಾಲರಿನದಕ್ಕೂ ಇದು ಒಂದೇ. ‘ಕಡಿಮೆ ಕರೆಂಟಿನಲ್ಲಿ ಹೆಚ್ಚು ಶಾಖ’ ಎಂದು ಯಾವ ಪೆಟ್ಟಿಗೆಯ ಮೇಲೆ ಬರೆದಿದ್ದರೂ ನಂಬಬೇಕಾಗಿಲ್ಲ, ತಂತಿ ಕಾಯಿಸಿ ಶಾಖ ಪಡೆಯುವಲ್ಲಿ ಅದಕ್ಕೆ ದಾರಿಯೇ ಇಲ್ಲ. ವ್ಯತ್ಯಾಸವಿರುವುದು ಶಾಖ ಹರಡುವ ರೀತಿಯಲ್ಲಿ. ಫ್ಯಾನಿನದು ಬೇಗ ಬೆಚ್ಚಗೆ ಮಾಡುತ್ತದೆ, ಆದರೆ ಸದ್ದು. ಎಣ್ಣೆಯದು ನಿಧಾನ, ನಿಶ್ಶಬ್ದ, ಮಲಗುವ ಕೋಣೆಗೆ ಸೂಕ್ತ. ಇನ್ಫ್ರಾರೆಡ್ ಎದುರಿಗೆ ಕುಳಿತವರಿಗೆ ಹಿತ, ಬೆನ್ನಿಗೆ ಚಳಿ.

ಅಪಾಯ ಹೀಟರಿನಲ್ಲಿರುವುದಕ್ಕಿಂತ ಹೆಚ್ಚಾಗಿ ಪ್ಲಗ್ಗಿನಲ್ಲಿದೆ. 12.5 ಆಂಪಿಯರ್ ಎಡೆಬಿಡದೆ ಹರಿಯುವಾಗ ಸಡಿಲಗೊಂಡ ಸಾಕೆಟ್ಟು ಕಾಯುತ್ತದೆ. ಮೊದಲು ಪ್ಲಗ್ಗಿನ ಸುತ್ತ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕಮಟು ವಾಸನೆ. ಹಳೆಯ ಉದ್ಯಾನಗಳ 30 ಆಂಪಿಯರ್ ಸಾಕೆಟ್ಟುಗಳಲ್ಲಿ ಕರಗಿದ ಪ್ಲಗ್ಗುಗಳು ಸಾಮಾನ್ಯ ನೋಟ. ಅರ್ಧ ಗಂಟೆಯ ನಂತರ ಪ್ಲಗ್ಗನ್ನು ಕೈಯಿಂದ ಮುಟ್ಟಿ ನೋಡುವ ಅಭ್ಯಾಸ ಇರುವವರು ಇದನ್ನು ಮೊದಲೇ ಪತ್ತೆಹಚ್ಚುತ್ತಾರೆ. ಹೀಟರನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೇ ಹಾಕಬೇಕು, ಎಕ್ಸ್‌ಟೆನ್ಷನ್ ಬೋರ್ಡಿಗಲ್ಲ, ಹಾಸಿಗೆ-ಪರದೆಗಳಿಂದ ಮೂರಡಿ ದೂರವಿಡಬೇಕು ಎಂಬುದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಸಲಹೆ. ಎಂಟಡಿ ಅಗಲದ ಕೋಣೆಯಲ್ಲಿ ಮೂರಡಿ ಹುಡುಕುವುದು ಹೇಳಿದಷ್ಟು ಸುಲಭವಲ್ಲ.

ಹೀಟ್ ಪಂಪ್

ಹೊರಗಿನ ತಣ್ಣನೆಯ ಗಾಳಿಯಲ್ಲೂ ಶಾಖ ಇರುತ್ತದೆ. ಹೀಟ್ ಪಂಪ್ ಅದನ್ನು ಹೀರಿ ಒಳಗೆ ಸಾಗಿಸುತ್ತದೆ, ಎ.ಸಿ.ಯ ಕೆಲಸವನ್ನೇ ತಿರುವುಮುರುವಾಗಿ ಮಾಡುತ್ತದೆ. ಶಾಖ ಹುಟ್ಟಿಸುವ ಬದಲು ಸಾಗಿಸುವುದರಿಂದ ಒಂದು ಯೂನಿಟ್ ವಿದ್ಯುತ್ತಿಗೆ ಎರಡರಿಂದ ಮೂರು ಯೂನಿಟ್ ಶಾಖ ದೊರಕುತ್ತದೆ. ಆಂಪಿಯರುಗಳಿಗೇ ಬರವಿರುವ ಕಡೆ ಇದಕ್ಕಿಂತ ಬೇಕಾದದ್ದು ಬೇರಿಲ್ಲ. ಆರ್‌ವಿಗಳ ಸೂರಿನ ಮೇಲೆ ಕೂರುವ 13,500 ಅಥವಾ 15,000 ಬಿಟಿಯು ಎ.ಸಿ.ಗಳಲ್ಲಿ ಹೀಟ್ ಪಂಪ್ ಇರುವ ಮಾದರಿಗಳು ಸಿಗುತ್ತವೆ. ಇಲ್ಲದವುಗಳಿಗೆ ಹೀಟ್ ಸ್ಟ್ರಿಪ್ ಎಂಬ ಕಾಯಿಲ್ ಸೇರಿಸಬಹುದು, ಆದರೆ ಅದು ಸೂರಿಗೆ ಏರಿದ ಸಣ್ಣ ಹೀಟರ್ ಅಷ್ಟೆ.

ಸೂರಿನ ಹೀಟ್ ಪಂಪಿನ ದೌರ್ಬಲ್ಯವಿರುವುದು ಬಹಳ ಬೇಕಾದ ಹೊತ್ತಿನಲ್ಲೇ. ಹೊರಗಿನ ಉಷ್ಣತೆ ನಾಲ್ಕೈದು ಡಿಗ್ರಿಗೆ ಇಳಿದಾಗ ಹೊರಗಿನ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟತೊಡಗುತ್ತದೆ. ಹೆಚ್ಚಿನ ಮಾದರಿಗಳು ಅಲ್ಲಿಗೆ ಕೈಚೆಲ್ಲಿ ಕೆಲಸವನ್ನು ಫರ್ನೇಸಿಗೆ ವಹಿಸುತ್ತವೆ. ಜೊತೆಗೆ ಬಿಸಿಗಾಳಿ ಸೂರಿನಿಂದ ಬರುವುದರಿಂದ ತಲೆ ಬೆಚ್ಚಗೆ, ಪಾದ ತಣ್ಣಗೆ. ಮನೆಗಳಲ್ಲಿ ಬಳಸುವ ಇನ್ವರ್ಟರ್ ಮಿನಿ-ಸ್ಪ್ಲಿಟ್‌ಗಳನ್ನು ಆರ್‌ವಿಗೆ ಅಳವಡಿಸಿಕೊಂಡವರು ಈ ತೊಡಕನ್ನು ದಾಟಿದ್ದಾರೆ. ಅವು ತಾವೇ ಮಂಜು ಕರಗಿಸಿಕೊಂಡು ಸೊನ್ನೆಗಿಂತ 15 ಡಿಗ್ರಿ ಕೆಳಗೂ, ಕೆಲವು ಇನ್ನೂ ಕೆಳಗೂ, ಓಡುತ್ತವೆ. ಹೊರಗಿನ ಘಟಕವನ್ನು ಟ್ರೇಲರಿನ ಮೂತಿಯ ಮೇಲೋ ಹಿಂದಿನ ಬಂಪರಿನ ಮೇಲೋ ಕೂರಿಸುತ್ತಾರೆ. ಮನೆಯ ಗೋಡೆಗೆಂದು ತಯಾರಾದ ಯಂತ್ರಕ್ಕೆ ಹೆದ್ದಾರಿಯ ಕುಲುಕಾಟ ಒಗ್ಗದೆ ತಾಮ್ರದ ಕೊಳವೆಯ ಬೆಸುಗೆ ಬಿರುಕು ಬಿಡಬಹುದು. ಒಂದೇ ಊರಿನಲ್ಲಿ ತಿಂಗಳುಗಟ್ಟಲೆ ನಿಲ್ಲುವವರಿಗೆ ಆ ಚಿಂತೆ ಕಡಿಮೆ.

ನಾಳದೊಳಗಿನ ಕಾಯಿಲ್ ಮತ್ತು ಬಿಸಿನೀರಿನ ವ್ಯವಸ್ಥೆ

ಫರ್ನೇಸನ್ನು ಉಳಿಸಿಕೊಂಡೇ ಅದರ ನಾಳಕ್ಕೆ ವಿದ್ಯುತ್ ಕಾಯಿಲ್ ಸೇರಿಸುವ ಕಿಟ್‌ಗಳು ಅಮೆರಿಕದಲ್ಲಿ ದೊರೆಯುತ್ತವೆ. ಫ್ಯಾನು ಫರ್ನೇಸಿನದೇ, ನಾಳಗಳೂ ಅದರವೇ, ಉರಿಯುವುದು ಮಾತ್ರ ಅನಿಲದ ಬದಲು ಕರೆಂಟು. ಕಂಬ ಸಿಕ್ಕಾಗ ವಿದ್ಯುತ್, ಕಾಡಿನಲ್ಲಿ ನಿಂತಾಗ ಪ್ರೊಪೇನ್, ಒಂದು ಸ್ವಿಚ್ಚಿನಲ್ಲಿ ಬದಲಾವಣೆ. 30 ಆಂಪಿಯರ್ ವಾಹನಗಳಿಗೆ ಸುಮಾರು 1,800 ವ್ಯಾಟಿನದು, 50 ಆಂಪಿಯರ್ ವಾಹನಗಳಿಗೆ ಅದಕ್ಕಿಂತ ಬಹಳ ದೊಡ್ಡವು ಇವೆ. ಶಬ್ದ ಮಾತ್ರ ತಪ್ಪುವುದಿಲ್ಲ.

ಯುರೋಪಿನ ದಾರಿ ಬೇರೆ. ಜರ್ಮನಿಯ ಟ್ರೂಮಾ ಕಂಪನಿ ತನ್ನ ಅನಿಲದ ಹೀಟರುಗಳ ಹಿಂಬದಿಗೆ ಅಲ್ಟ್ರಾಹೀಟ್ ಎಂಬ ವಿದ್ಯುತ್ ಭಾಗವನ್ನು ಜೋಡಿಸಿತು. ಅದಕ್ಕೆ 500, 1,000, 2,000 ವ್ಯಾಟಿನ ಮೂರು ಹಂತಗಳಿವೆ. ಆರು ಆಂಪಿಯರಿನ ಕ್ಯಾಂಪಿನಲ್ಲಿ ನಿಂತವರು ಮೊದಲ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಕಂಬದ ಮಿತಿಯನ್ನು ಮೊದಲೇ ಎಣಿಸಿ ಮಾಡಿದ ವಿನ್ಯಾಸ ಇದು, ಅಮೆರಿಕದ ತಯಾರಕರು ಇದರಿಂದ ಕಲಿಯುವುದಿತ್ತು. ಸ್ವೀಡನ್ನಿನ ಆಲ್ಡೆ ವ್ಯವಸ್ಥೆಯಲ್ಲಿ ಗ್ಲೈಕಾಲ್ ಬೆರೆಸಿದ ನೀರು ಬಿಸಿಯಾಗಿ ಗೋಡೆಯಂಚಿನ ರೇಡಿಯೇಟರುಗಳಲ್ಲಿ ಸದ್ದಿಲ್ಲದೆ ಹರಿಯುತ್ತದೆ. ಅನಿಲದಿಂದಲೂ, 1ರಿಂದ 3 ಕಿಲೋವ್ಯಾಟ್ ವಿದ್ಯುತ್ತಿನಿಂದಲೂ, ಎರಡರಿಂದ ಒಟ್ಟಿಗೂ ಅದನ್ನು ನಡೆಸಬಹುದು. ಅಮೆರಿಕದ ದೊಡ್ಡ ಮೋಟಾರ್‌ಹೋಮುಗಳಲ್ಲಿ ಆಕ್ವಾ-ಹಾಟ್ ಹೆಸರಿನ ಇಂಥದೇ ವ್ಯವಸ್ಥೆ ಡೀಸೆಲ್ ಮತ್ತು ವಿದ್ಯುತ್ ಎರಡನ್ನೂ ಬಳಸುತ್ತದೆ.

ನೆಲದಡಿಯ ನೀರು

ವಿದ್ಯುತ್ ಹೀಟರ್ ನೆಚ್ಚಿಕೊಂಡವರು ಎಡವುವುದು ಇಲ್ಲಿ. ಆರ್‌ವಿಯ ಶುದ್ಧನೀರಿನ ತೊಟ್ಟಿ, ಕೊಳೆನೀರಿನ ತೊಟ್ಟಿಗಳು, ಕೊಳವೆಗಳು ನೆಲಹಾಸಿಗೂ ಕೆಳಗಿನ ಪ್ಲಾಸ್ಟಿಕ್ ಹೊದಿಕೆಗೂ ನಡುವಿನ ಸಂದಿಯಲ್ಲಿರುತ್ತವೆ. ಚಳಿಗೆಂದು ತಯಾರಾದ ವಾಹನಗಳಲ್ಲಿ ಫರ್ನೇಸಿನ ಒಂದು ನಾಳ ಬೇಕೆಂದೇ ಆ ಸಂದಿಗೆ ಬಿಸಿಗಾಳಿ ಊದುತ್ತದೆ. ಅಂದರೆ ಫರ್ನೇಸ್ ಮಾಡುವುದು ಎರಡು ಕೆಲಸ, ಸೋಫಾದ ಪಕ್ಕದ ಹೀಟರ್ ಮಾಡುವುದು ಒಂದೇ. ಹೀಟರ್ ಕೋಣೆಯನ್ನು ಬೆಚ್ಚಗಿಟ್ಟಷ್ಟೂ ಥರ್ಮೋಸ್ಟಾಟ್ ಸುಮ್ಮನಿರುತ್ತದೆ, ಫರ್ನೇಸ್ ಹೊತ್ತುವುದಿಲ್ಲ, ಕೆಳಗಿನ ಸಂದಿ ತಣ್ಣಗಾಗುತ್ತ ಹೋಗುತ್ತದೆ. ಮೇಲೆ ಬರೀ ಅಂಗಿಯಲ್ಲಿ ಬೆಚ್ಚಗೆ ಕುಳಿತವರಿಗೆ ಕೆಳಗೆ ನೀರು ಗಡ್ಡೆಯಾಗುತ್ತಿರುವುದು ಬೆಳಿಗ್ಗೆ ನಲ್ಲಿ ತಿರುಗಿಸಿದಾಗಲೇ ಗೊತ್ತಾಗುವುದು. ನೀರು ಹೆಪ್ಪುಗಟ್ಟುವಾಗ ಶೇಕಡಾ 9ರಷ್ಟು ಹಿಗ್ಗುತ್ತದೆ. ಪೆಕ್ಸ್ ಎಂಬ ಬಾಗುವ ಪ್ಲಾಸ್ಟಿಕ್ ಕೊಳವೆ ಅದನ್ನು ಸ್ವಲ್ಪ ತಾಳಿಕೊಂಡರೂ ಅದರ ಜೋಡಣೆಗಳು, ವಾಲ್ವುಗಳು, ಪಂಪು ತಾಳಿಕೊಳ್ಳುವುದಿಲ್ಲ. ಸೋರಿಕೆ ಕಾಣುವುದು ಬಿಸಿಲು ಬಂದು ಕರಗಿದ ಮೇಲೆ.

ಇದಕ್ಕೆ ವಿದ್ಯುತ್ತಿನದೇ ಪರಿಹಾರಗಳೂ ಇವೆ. ತೊಟ್ಟಿಯ ತಳಕ್ಕೆ ಅಂಟಿಸುವ 12 ವೋಲ್ಟಿನ ಹೀಟಿಂಗ್ ಪ್ಯಾಡುಗಳು ಚಳಿ ಇಳಿದಾಗ ತಾವಾಗಿಯೇ ಚಾಲೂ ಆಗಿ, ಬೆಚ್ಚಗಾದ ಮೇಲೆ ನಿಲ್ಲುತ್ತವೆ. ಕೊಳವೆಗೆ ಸುತ್ತುವ ತಾಪನ ಪಟ್ಟಿ, ಹೊರಗಿನ ನಲ್ಲಿಯಿಂದ ವಾಹನಕ್ಕೆ ನೀರು ತರುವ ಬಿಸಿ ಹೋಸ್ ಕೂಡ ಸಿಗುತ್ತವೆ. ಕೆಲವರು ನೆಲದಡಿ ಉಷ್ಣಮಾಪಕದ ತಂತಿ ಇಳಿಸಿ ಒಳಗೇ ಕುಳಿತು ನೋಡುತ್ತಾರೆ. ಎಲ್ಲಕ್ಕಿಂತ ಸರಳ ಉಪಾಯವೆಂದರೆ ಎರಡನ್ನೂ ಬೆರೆಸುವುದು: ಹೀಟರನ್ನು ಸ್ವಲ್ಪ ಕಡಿಮೆಗೆ ಇಟ್ಟು, ನಡುರಾತ್ರಿಯ ನಂತರ ಫರ್ನೇಸ್ ಆಗಾಗ ಹೊತ್ತುವಂತೆ ಬಿಡುವುದು. ಚಳಿ ಸೊನ್ನೆಗಿಂತ ಕೆಳಗಿಳಿಯುವ ಊರುಗಳಲ್ಲಿ ಫರ್ನೇಸನ್ನು ಕಿತ್ತೊಗೆಯದೆ ಇಟ್ಟುಕೊಳ್ಳಿ ಎಂದು ಅನುಭವಸ್ಥರು ಹೇಳುವುದು ಈ ಕಾರಣಕ್ಕೇ.

ತೇವದ ಪ್ರಶ್ನೆಯೂ ಇದರ ಜೊತೆಗಿದೆ. ವಿದ್ಯುತ್ ಹೀಟರ್ ಗಾಳಿಗೆ ನೀರಾವಿ ಸೇರಿಸುವುದಿಲ್ಲ, ಹೊಗೆಗಂಡಿಯಿರುವ ಫರ್ನೇಸೂ ಸೇರಿಸುವುದಿಲ್ಲ. ಸೇರಿಸುವುದು ಹೊಗೆಗಂಡಿಯಿಲ್ಲದ, ಒಳಗೇ ಉರಿಯುವ ಸಣ್ಣ ಅನಿಲದ ಹೀಟರುಗಳು. ಒಂದು ಕಿಲೋ ಪ್ರೊಪೇನ್ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರಾವಿ ಹುಟ್ಟುತ್ತದೆ. ಅವು ಆಮ್ಲಜನಕವನ್ನೂ ತಿನ್ನುತ್ತವೆ, ಕಾರ್ಬನ್ ಮೊನಾಕ್ಸೈಡಿನ ಭಯವೂ ಉಂಟು. ಈ ಎರಡು ತಲೆನೋವುಗಳಿಂದ ವಿದ್ಯುತ್ ಮುಕ್ತ. ಆದರೆ ಒಂದೇ ಮೂಲೆಯಲ್ಲಿ ಉರಿಯುವ ಹೀಟರ್ ಬೀರುವಿನ ಹಿಂದಕ್ಕೆ, ಹಾಸಿಗೆಯ ಅಡಿಗೆ ಗಾಳಿ ಕಳಿಸದು. ಉಸಿರು ಮತ್ತು ಅಡುಗೆಯ ಆವಿ ಆ ತಣ್ಣನೆಯ ಮೂಲೆಗಳಲ್ಲಿ ನೀರಾಗಿ, ಅಲ್ಲಿ ಬೂಷ್ಟು ಹಿಡಿಯುತ್ತದೆ.

ಖರ್ಚು

ದಿನದ ಬಾಡಿಗೆಯಲ್ಲಿ ಕರೆಂಟೂ ಸೇರಿರುವ ಉದ್ಯಾನದಲ್ಲಿ ಲೆಕ್ಕವೇ ಬೇಡ, ಹೀಟರ್ ಉರಿಸಿದಷ್ಟೂ ಸ್ವಂತ ಪ್ರೊಪೇನ್ ಉಳಿಯುತ್ತದೆ. ತಿಂಗಳ ಬಾಡಿಗೆಯಲ್ಲಿ ಮೀಟರ್ ಇರುತ್ತದೆ. ಅಮೆರಿಕದಲ್ಲಿ ಪ್ರೊಪೇನ್ ಮಾರುವುದು ಗ್ಯಾಲನ್ ಲೆಕ್ಕದಲ್ಲಿ. ಒಂದು ಗ್ಯಾಲನ್ ಫರ್ನೇಸಿನ ಮೂಲಕ ಸುಮಾರು 20 ಯೂನಿಟ್ ಶಾಖ ಕೊಡುತ್ತದೆ. ಆದ್ದರಿಂದ ಗ್ಯಾಲನ್ನಿನ ಬೆಲೆ ಒಂದು ಯೂನಿಟ್ ಕರೆಂಟಿನ ಬೆಲೆಯ 20 ಪಟ್ಟಿಗಿಂತ ಹೆಚ್ಚಿದ್ದರೆ ಸಾದಾ ಹೀಟರ್ ಅಗ್ಗ, ಕಡಿಮೆಯಿದ್ದರೆ ಅನಿಲ ಅಗ್ಗ. ಒಂದಕ್ಕೆ ಎರಡೂವರೆ ಕೊಡುವ ಹೀಟ್ ಪಂಪ್ ಇದ್ದರೆ ಆ ಗಡಿ 8 ಪಟ್ಟಿಗೆ ಇಳಿಯುತ್ತದೆ, ಅಲ್ಲಿ ಬಹುತೇಕ ಯಾವಾಗಲೂ ಹೀಟ್ ಪಂಪೇ ಗೆಲ್ಲುತ್ತದೆ.

ಕಂಬವಿಲ್ಲದ ಕಡೆ

ಕ್ವಾರ್ಟ್‌ಸೈಟಿನಂಥ ಅರಿಝೋನಾದ ಮರಳುಗಾಡಿಗೆ ಚಳಿಗಾಲದಲ್ಲಿ ಉತ್ತರದ ರಾಜ್ಯಗಳಿಂದ ಬರುವ ನಿವೃತ್ತರು ಹೆಚ್ಚಾಗಿ ಕಂಬವಿಲ್ಲದೆಯೇ ನಿಲ್ಲುತ್ತಾರೆ. ಹಗಲು ಹಿತವಾಗಿದ್ದರೂ ರಾತ್ರಿ ಚಳಿ ಕೊರೆಯುತ್ತದೆ. ಅಲ್ಲಿ ಬ್ಯಾಟರಿಯಿಂದ ಹೀಟರ್ ಉರಿಸುವ ಆಸೆ ಒಂದು ಭಾಗಾಕಾರದಲ್ಲೇ ಕರಗುತ್ತದೆ. 100 ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿಯಲ್ಲಿರುವುದು 1.28 ಯೂನಿಟ್, 1,500 ವ್ಯಾಟ್ ಹೀಟರಿಗೆ ಒಂದು ಗಂಟೆಯೂ ಬಾರದು. ಸೊನ್ನೆಗಿಂತ ಕೆಳಗೆ ಆ ಬ್ಯಾಟರಿಯನ್ನು ಚಾರ್ಜ್ ಮಾಡಲೂಬಾರದು, ಮಾಡಿದರೆ ಒಳಗೆ ಹಾಳಾಗುತ್ತದೆ. ಪೆಟ್ರೋಲ್ ಜನರೇಟರ್ ಓಡಿಸಿ ಹೀಟರ್ ಉರಿಸುವುದು ಇನ್ನೂ ಅವಿವೇಕ: ಇಂಧನದ ಶಕ್ತಿಯಲ್ಲಿ ಐದರಲ್ಲೊಂದು ಪಾಲು ಕರೆಂಟಾಗಿ, ಉಳಿದದ್ದು ಹೊರಗಿನ ಗಾಳಿಯನ್ನು ಬೆಚ್ಚಗೆ ಮಾಡುತ್ತದೆ. ಬ್ಯಾಟರಿಗೆ ನಿಲುಕುವುದು ಕೋಣೆಯ ಬದಲು ಮೈಯನ್ನು ಬೆಚ್ಚಗಿಡುವ ಸಾಧನ. 12 ವೋಲ್ಟಿನ ಹಾಸಿಗೆ ಹೊದಿಕೆ ನೂರು ವ್ಯಾಟಿನೊಳಗೇ ರಾತ್ರಿ ದಾಟಿಸುತ್ತದೆ.

ಪೂರ್ಣ ವಿದ್ಯುತ್ ವಾಹನಗಳು

ಪ್ರೊಪೇನನ್ನೇ ಬಿಟ್ಟ ಟ್ರೇಲರುಗಳು ಈ ದಶಕದಲ್ಲಿ ಬಂದಿವೆ. ಕೊಲೊರಾಡೊದ ಲೈಟ್‌ಶಿಪ್ ಕಂಪನಿ 2023ರಲ್ಲಿ ಪರಿಚಯಿಸಿದ ಎಲ್1 ಮಾದರಿಗೆ 80 ಕಿಲೋವ್ಯಾಟ್-ಗಂಟೆಯವರೆಗಿನ ಬ್ಯಾಟರಿ ಘೋಷಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಪೆಬಲ್ ಪ್ರಕಟಿಸಿದ ಫ್ಲೋ ಟ್ರೇಲರಿನದು 45. ಬ್ಯಾಟರಿ ಇಷ್ಟು ದೊಡ್ಡದಾಗಲು ಶಾಖ ಒಂದೇ ಕಾರಣವಲ್ಲ: ಟ್ರೇಲರಿನ ಚಕ್ರಗಳನ್ನೇ ತಿರುಗಿಸಿ ಮುಂದಿನ ವಾಹನದ ಭಾರ ತಗ್ಗಿಸುವುದೂ ಅದರ ಕೆಲಸ. ಮೇಲೆ ಲೆಕ್ಕ ಹಾಕಿದ 25 ಅಡಿ ಟ್ರೇಲರನ್ನು ಸೊನ್ನೆ ಡಿಗ್ರಿಯಲ್ಲಿ ಸಾದಾ ಕಾಯಿಲಿನಿಂದ ಬೆಚ್ಚಗಿಟ್ಟರೆ 45 ಯೂನಿಟ್ ಸುಮಾರು 20 ಗಂಟೆಗೆ ಬರುತ್ತದೆ. ಒಂದಕ್ಕೆ ಎರಡು ಕೊಡುವ ಹೀಟ್ ಪಂಪಿನಿಂದಾದರೆ 40 ಗಂಟೆ. ಅದೇ ಟ್ರೇಲರಿಗೆ ಒಂದು 20 ಪೌಂಡ್ ಸಿಲಿಂಡರ್ ಕೊಡುವ ಅವಧಿಯೂ ಹೆಚ್ಚುಕಡಿಮೆ ಅಷ್ಟೇ, ಆದರೆ ಸಿಲಿಂಡರನ್ನು ಐದು ನಿಮಿಷದಲ್ಲಿ ಮತ್ತೆ ತುಂಬಿಸಿಕೊಳ್ಳಬಹುದು.